ಎರಡು ದೇಶ, ಒಂದೇ ಬುಟ್ಟಿ

ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಆ ಸಹಿಯಿಂದ ಒಕ್ಕಲೆದ್ದವರ ಹೆಸರು ಉಳಿಯುವುದಿಲ್ಲ. ನಾವು ಹೇಳಬೇಕಾಗಿರೋದು ಅವರ ಕತೆ.

ಬ್ರಿಟಿಷರ ಕಾಲದಲ್ಲಿ ತಮಿಳು ನಾಡಿನ ದಲಿತರನ್ನೂ ಇತರ ಬಡವರನ್ನೂ ಸಿಲೋನಿನ ತೋಟಗಳಿಗೆ ಸಾಗಿಸಿದರು. ಹೆಂಗಸರು ತಲೆಯಿಂದ ಬೆನ್ನಿಗೆ ಬುಟ್ಟಿ ಇಳಿಬಿಟ್ಟು ಟೀ ಚಿಗುರು ಕಿತ್ತರು. 1948ರ ಸಿಲೋನ್ ಪೌರತ್ವ ಕಾನೂನು ಕೇಳಿದ್ದು ಅಪ್ಪ ಹುಟ್ಟಿದ ನೆಲ, ಅಜ್ಜ ಹುಟ್ಟಿದ ನೆಲ. ಹೆತ್ತವ್ವ ಎಲ್ಲಿ ಹುಟ್ಟಿದಳು ಅಂತ ಕೇಳಲೇ ಇಲ್ಲ. ಸುಮಾರು ಏಳು ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು.

1964ರಲ್ಲಿ ಶಾಸ್ತ್ರಿ–ಸಿರಿಮಾವೊ ಒಪ್ಪಂದವಾಯಿತು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಿಕೊಂಡರು. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಎರಡು ಸರ್ಕಾರಗಳು ಜನರನ್ನು ಹಂಚಿಕೊಂಡವು.

ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳನ್ನು ಸೇರಿದರು. ಅಲ್ಲಿ 'ಇಂಡಿಯಾದವಳು' ಅನ್ನಿಸಿಕೊಂಡವಳು ಇಲ್ಲಿ 'ಸಿಲೋನಿನವಳು' ಆದಳು. ಟೀ ಕಿತ್ತ ಕೈಗೆ ರಬ್ಬರ್ ಕತ್ತಿ ಬಂತು, ಕೂಲಿತನ ಹೋಗಲಿಲ್ಲ. ನಮ್ಮ ಕಾನೂನೇನು ಕಮ್ಮಿಯೆ? ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಕಡೆಯಿಂದಲೂ ಪೌರತ್ವ ಸಿಕ್ಕಿದ್ದು 1992ರ ತಿದ್ದುಪಡಿಯ ಮೇಲೆ. ಶ್ರೀಲಂಕಾದಲ್ಲೇ ಉಳಿದ ದೇಶವಿಲ್ಲದವರಿಗೆ ಪೌರತ್ವ ಕೊಡುವ ಕಾನೂನು ಬಂದದ್ದು 2003ರಲ್ಲಿ.

ನೆಲವನ್ನು ತಾಯಿ ಅನ್ನುತ್ತಾರೆ. ತಾಯಿಗೆ ಮಾತ್ರ ನೆಲವಿಲ್ಲ. ದುಡಿದವಳ ಬೆವರು ಬಿದ್ದ ನೆಲ ಅವಳದ್ದಲ್ಲದಿದ್ದರೆ ಮತ್ಯಾರದ್ದು?