ಸರಾಯ್ ಉಳಿದರೆ ಸಾಕೇ, ದಾರಿ?

ಕರ್ನಾಟಕದಿಂದ ದೆಹಲಿಗೆ ಬರುವ ಹಲವು ರೈಲುಗಳ ಕೊನೆಯ ನಿಲ್ದಾಣ ಹಜರತ್ ನಿಜಾಮುದ್ದೀನ್. ಅದರ ಒಂದು ಮಗ್ಗುಲಿನ ಹೆಸರು ಸರಾಯ್ ಕಾಲೇ ಖಾನ್. ಯಮುನೆಯಾಚೆಯ ಗ್ರೇಟರ್ ನೋಯ್ಡಾದಲ್ಲಿ ನೆಲೆಸಿರುವ ನಾವು ಊರಿಗೆ ಹೋಗಿಬರುವಾಗ ಈ ಹೆಸರನ್ನು ಹಾದುಹೋಗುತ್ತಲೇ ಇರುತ್ತೇವೆ. ಸರಾಯ್ ಎಂದರೆ ನಮ್ಮ ಸಾರಾಯಿಯಲ್ಲ. ದಾರಿಹೋಕರ ತಂಗುದಾಣ, ನಮ್ಮ ಛತ್ರದ ಉತ್ತರದ ಬಂಧು. ಯೂಸುಫ್ ಸರಾಯ್, ಲಾಡೋ ಸರಾಯ್, ಬೇರ್ ಸರಾಯ್ ಮುಂತಾದ ಬಡಾವಣೆಗಳಲ್ಲಿ ಆ ಹೆಸರು ಉಳಿದಿದೆ. ಕಟ್ಟಡಗಳು ಬಹುಪಾಲು ಅಳಿದಿವೆ.

ಶೇರ್ ಷಾ ಸೂರಿ (ಆಳ್ವಿಕೆ 1540–1545) ಎರಡು ಕೋಸಿಗೊಂದರಂತೆ 1,700 ಸರಾಯ್‌ಗಳನ್ನು ಕಟ್ಟಿಸಿದನೆಂದು ಇತಿಹಾಸಕಾರ ಅಬ್ಬಾಸ್ ಖಾನ್ ಸರ್ವಾನಿ ಬರೆದಿದ್ದಾನೆ. ಆತನ ವರ್ಣನೆಯಂತೆ ಅಲ್ಲಿ ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ವಸತಿ, ಬಾಗಿಲಲ್ಲಿ ನೀರಿನ ಕೊಡಗಳು, ನಡುವೆ ಬಾವಿ ಇದ್ದವು. ಸುದ್ದಿ ಒಯ್ಯಲು ಎರಡು ಕುದುರೆಗಳು ಸದಾ ಸಿದ್ಧವಾಗಿರುತ್ತಿದ್ದವು. ತಂಗುದಾಣವೇ ಅಂಚೆಮನೆಯೂ ಆಗಿತ್ತು. ಮುಂದೆ 17ನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ನೆಲೆಗೊಳಿಸಿದ ಅಂಚೆಯೂ ಓಲೆಯೊಡನೆ ನಾಡಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುತ್ತಿತ್ತು. 1619ರಲ್ಲಿ ಜಹಾಂಗೀರನು ಆಗ್ರಾದಿಂದ ಲಾಹೋರಿನವರೆಗೆ ಕೋಸಿಗೊಂದು ಕಂಬ, ಮೂರು ಕೋಸಿಗೊಂದು ಬಾವಿ ಇರಬೇಕೆಂದು ಆಜ್ಞಾಪಿಸಿದನು. ಈ ಕಂಬಗಳೇ ಕೋಸ್ ಮೀನಾರುಗಳು. ಒಂದು ಕೋಸು ಸುಮಾರು ಮೂರು ಕಿಲೋಮೀಟರು.

ದೆಹಲಿಯಲ್ಲಿ ಸರಾಯ್‌ಗಳ ಜೀರ್ಣೋದ್ಧಾರವನ್ನು ಕಾಣಲು ನಿಜಾಮುದ್ದೀನಿಗೇ ಹೋಗಬೇಕು. ಹುಮಾಯೂನನ ಸಮಾಧಿಯ ಪಕ್ಕದ ಅರಬ್ ಸರಾಯನ್ನು 16ನೆಯ ಶತಮಾನದಲ್ಲಿ ಅವನ ವಿಧವೆ ಕಟ್ಟಿಸಿದಳು. ಅದು ಮೆಕ್ಕಾದಿಂದ ಬಂದ ಅರಬ್ಬರಿಗಾಗಿ ಎಂಬುದು ಒಂದು ಹೇಳಿಕೆ. ಸಮಾಧಿ ಕಟ್ಟಿದ ಪರ್ಷಿಯಾದ ಕುಶಲಕರ್ಮಿಗಳಿಗಾಗಿ ಎಂಬುದು ಇನ್ನೊಂದು. ಸುಮಾರು 14 ಮೀಟರ್ ಎತ್ತರದ ಅದರ ಹೆಬ್ಬಾಗಿಲು ಇಂದಿಗೂ ನಿಂತಿದೆ. 2007ರಲ್ಲಿ ಆರಂಭವಾದ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟಿನ ಯೋಜನೆಯಲ್ಲಿ ಇಲ್ಲಿನ ಸ್ಮಾರಕಗಳ ಮೇಲಿದ್ದ ಸಿಮೆಂಟನ್ನು ತೆಗೆದು ಸುಣ್ಣದ ಗಾರೆಯನ್ನು ಬಳಸಲಾಯಿತು. ಸಿಮೆಂಟು ತೇವವನ್ನು ಒಳಗೇ ಹಿಡಿದು ಕಲ್ಲನ್ನು ಕೊರೆಯುತ್ತದೆ. ಸುಣ್ಣ ತೇವವನ್ನು ಹೊರಬಿಡುತ್ತದೆ. ಗಾರೆಗೆ ಬೆಲ್ಲ, ಬಿಲ್ವಕಾಯಿಯ ತಿರುಳು ಬೆರೆಸುವ ಹಳೆಯ ಕಸುಬಿಗೂ ಇದರಿಂದ ಮರುಜೀವ ಬಂದಿತು.

ಆದರೆ ಉಳಿದದ್ದು ಕಟ್ಟಡ ಮಾತ್ರವೇ ಎಂಬ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಸಮೀಪದಲ್ಲೇ ಇರುವ ಅಜೀಂಗಂಜ್ ಸರಾಯ್ ಮತ್ತು ಒಂದು ಕೋಸ್ ಮೀನಾರು ಈಗ ಮೃಗಾಲಯದ ಆವರಣಕ್ಕೆ ಸೇರಿವೆ. ಅದೇ ಹಾದಿಯ ಬೇರೆ ಮೀನಾರುಗಳು ಫರೀದಾಬಾದ್, ಪಲ್ವಲ್‌ಗಳಲ್ಲಿ ಮನೆಗಳ ನಡುವೆಯೋ ಹೊಲದಂಚಿನಲ್ಲೋ ಒಂಟಿಯಾಗಿ ನಿಂತಿವೆ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿರ್ಮಾಣ ನಿಷೇಧಿತ ವಲಯ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇದು ಒಂದೊಂದು ಬಿಂದುವಿಗೆ ಹಾಕಿದ ಬೇಲಿ. ಬಿಂದುಗಳನ್ನು ಕೂಡಿಸುವ ಗೆರೆಗೆ ಅಂಥ ರಕ್ಷಣೆ ಇದರಿಂದ ಸಿಗದು. ಕೋಸ್ ಮೀನಾರಿಗಾದರೋ ಮುಂದಿನ ಮೀನಾರು ಇದ್ದರೆ ಮಾತ್ರ ಅರ್ಥ.

ಕಂಬ, ಬಾವಿ, ಸರಾಯ್‌ಗಳನ್ನು ಒಂದೇ ದಾರಿಯ ಅಂಗಗಳಾಗಿ ತೋರಿಸುವ ನಕ್ಷೆಯೂ ಸ್ಥಳದಲ್ಲೇ ಓದಬಹುದಾದ ಫಲಕಗಳೂ ಬೇಕು. ಅಲ್ಲಿಯವರೆಗೆ, ನಿಜಾಮುದ್ದೀನಿನಲ್ಲಿ ಇಳಿಯುವ ನಮ್ಮವರು ಮಥುರಾ ರಸ್ತೆಯನ್ನು ಹಿಡಿದಾಗ, ತಾವು ಸಾಗುತ್ತಿರುವುದು ಅಂಚೆಯ ಕುದುರೆಗಳು ಓಡಿದ ಹಾದಿಯ ಜಾಡಿನಲ್ಲೇ ಎಂಬುದನ್ನು ಜೊತೆಯ ಮಕ್ಕಳಿಗಾದರೂ ಹೇಳಲಿ.