ಗರಗಸದ ಹಿಡಿಯಲ್ಲಿ ಒಂದು ಹೆಸರು

ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ದೇವಾಲಯದ ಹಿಂಬದಿಯ ಉಗ್ರಾಣವನ್ನು ತೆರವು ಮಾಡಿಸಿದಾಗ, ಮುರಿದ ಬೆಂಚುಗಳ ಅಡಿಯಲ್ಲಿ ಒಂದು ಮರದ ಪೆಟ್ಟಿಗೆ ದೊರೆಯಿತು. ಅದರಲ್ಲಿ ಎರಡು ಕೈಗರಗಸಗಳಿದ್ದವು. ಅವು ಬಳ್ಳಾರಿಯಲ್ಲಿ ಆಂಗ್ಲರ ದಂಡು ಇದ್ದ ಕಾಲದವು, ನೂರೈವತ್ತು ವರ್ಷಗಳ ಹಿಂದೆ ಗುರುಗಳೊಬ್ಬರು ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದವು ಎಂಬ ಮಾತು ಹಿರಿಯರಲ್ಲಿ ರೂಢಿಯಲ್ಲಿದೆ. ನಾವೂ ಒಮ್ಮೆ ಬಲಿಪೂಜೆಯ ಪ್ರಬೋಧನೆಯಲ್ಲಿ ಹಾಗೆಯೇ ಹೇಳಿದ್ದುಂಟು. ಆದರೆ ಅಚ್ಚಾದ ಮಾತು ಮುಂದಿನವರಿಗೆ ಆಧಾರವಾಗುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಬರೆಯುವ ಮುನ್ನ ಅದನ್ನು ಪರಿಶೀಲಿಸುವುದು ನಮ್ಮ ಕರ್ತವ್ಯವೆನಿಸಿತು.

ಗರಗಸವನ್ನು ತಯಾರಿಸಿದವನು ಸಾಮಾನ್ಯವಾಗಿ ಎರಡು ಕಡೆ ತನ್ನ ಗುರುತನ್ನು ಬಿಟ್ಟಿರುತ್ತಾನೆ. ಒಂದು, ಅಲಗಿನ ಮೈಮೇಲೆ ಆಮ್ಲದಿಂದ ಕೊರೆದ ಮುದ್ರೆ. ಇನ್ನೊಂದು, ಮರದ ಹಿಡಿಯನ್ನು ಅಲಗಿಗೆ ಬಿಗಿಯುವ ತಿರುಪುಗಳ ನಡುವೆ ಕೂರಿಸಿದ ಹಿತ್ತಾಳೆಯ ಬಿಲ್ಲೆ. ಅಲಗಿನ ಮುದ್ರೆ ಬಹು ತೆಳುವಾದುದು. ತುಕ್ಕು ತೆಗೆಯುವ ಆತುರದಲ್ಲಿ ಉಪ್ಪುಕಾಗದದಿಂದ ಉಜ್ಜಿದರೆ ತುಕ್ಕಿನೊಡನೆ ಹೆಸರೂ ಅಳಿದುಹೋಗುತ್ತದೆ. ಆದಕಾರಣ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಸಂಜೆಯ ಓರೆಬಿಸಿಲಿಗೆ ಹಿಡಿದು ನೋಡಿದೆವು.

ಮೊದಲನೆಯ ಗರಗಸದ ಬಿಲ್ಲೆಯಲ್ಲಿ 'ಡಿಸ್ಟನ್ ಅಂಡ್ ಸನ್ಸ್', 'ಫಿಲಡ', 'ಯು.ಎಸ್.ಎ.' ಎಂಬ ಅಕ್ಷರಗಳು ಸ್ಪಷ್ಟವಾದವು. ಹಿಡಿಯನ್ನು ಬದಲಾಯಿಸಿರಬಹುದೇ ಎಂದು ಅಲಗನ್ನೂ ಪರೀಕ್ಷಿಸಿದಾಗ ಅಲ್ಲಿಯೂ ಅದೇ ಹೆಸರಿನ ಮಸುಕು ಗುರುತು ಕಂಡಿತು. 'ಫಿಲಡ' ಎಂಬುದು ಅಮೆರಿಕದ ಫಿಲಡೆಲ್ಫಿಯಾ ನಗರದ ಸಂಕ್ಷಿಪ್ತ ರೂಪ. ಸಂತ ಯೊವಾನ್ನರ ಪ್ರಕಟಣಾ ಗ್ರಂಥದ ಏಳು ಸಭೆಗಳಲ್ಲಿ ಒಂದರ ಹೆಸರೂ ಇದೇ. ಸಹೋದರ ಪ್ರೇಮ ಎಂದು ಅದರ ಅರ್ಥ. ಹೀಗೆ ಇಂಗ್ಲೆಂಡಿನ ಕಥೆ ಅಲ್ಲಿಯೇ ಬಿದ್ದುಹೋಯಿತು.

ಹೆನ್ರಿ ಡಿಸ್ಟನ್ ಹುಟ್ಟಿದ್ದು ಮಾತ್ರ ಇಂಗ್ಲೆಂಡಿನಲ್ಲಿಯೇ, 1819ರಲ್ಲಿ. 1833ರಲ್ಲಿ ತಂದೆಯೊಡನೆ ಅಮೆರಿಕಕ್ಕೆ ಬಂದಿಳಿದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು. ಹದಿನಾಲ್ಕರ ಆ ಬಾಲಕ ಗರಗಸ ಮಾಡುವವರಲ್ಲಿ ಕೆಲಸ ಕಲಿಯಲು ಸೇರಿ, 1840ರಲ್ಲಿ ತನ್ನದೇ ಕಾರ್ಖಾನೆಯನ್ನು ಆರಂಭಿಸಿದನು. ಮುಂದೆ ಮಕ್ಕಳೂ ಪಾಲುದಾರರಾದರು. 1878ರಲ್ಲಿ ಆತ ಮೃತನಾದ ಮೇಲೂ ಸಂಸ್ಥೆ ಬೆಳೆದು, ಅದರ ಗರಗಸಗಳು ದೇಶದೇಶಗಳಿಗೆ ಹೋದವು. 1955ರಲ್ಲಿ ಅದು ಆ ಕುಟುಂಬದ ಕೈಬಿಟ್ಟಿತು.

ಆ ಸಂಸ್ಥೆಯ ಬಿಲ್ಲೆಗಳು ಕಾಲಕಾಲಕ್ಕೆ ಬದಲಾಗಿರುವುದರಿಂದ ಅವು ಹೆಸರನ್ನಷ್ಟೇ ಅಲ್ಲದೆ ವಯಸ್ಸನ್ನೂ ಹೇಳುತ್ತವೆ. 'ಫಿಲಡ' ಎಂಬುದರೊಡನೆ 'ಯು.ಎಸ್.ಎ.' ಸೇರಿದ ಬಿಲ್ಲೆ ಸುಮಾರು 1917ರಿಂದ 1940ರವರೆಗಿನದು. ಎಂದಮೇಲೆ ಇದು ನೂರೈವತ್ತು ವರ್ಷಗಳ ಹಿಂದಿನದಲ್ಲ. ನಮ್ಮ ದೇವಾಲಯದ ಮಾಡು ಏರಿದ ಕಾಲದ್ದೇ ಆಗಿರಲು ಅಡ್ಡಿಯಿಲ್ಲ. ಕಥೆ ಹೋಯಿತು, ಆದರೆ ಗರಗಸ ನಮಗೆ ಇನ್ನೂ ಹತ್ತಿರವಾಯಿತು.

ಎರಡನೆಯ ಗರಗಸದ ಬಿಲ್ಲೆಯಲ್ಲಿ 'ವಾರಂಟೆಡ್ ಸುಪೀರಿಯರ್' ಎಂದಿದೆ. ಇದನ್ನೇ ತಯಾರಕನ ಹೆಸರೆಂದು ಭಾವಿಸುವವರು ಬಹಳ. ಅದು ಹೆಸರಲ್ಲ, 'ಉತ್ತಮವೆಂದು ಭರವಸೆ ಕೊಡಲಾಗಿದೆ' ಎಂಬ ಮಾತಷ್ಟೆ. ಹಲವಾರು ಕಾರ್ಖಾನೆಗಳು, ಬೇರೆ ಅಂಗಡಿಗಳ ಹೆಸರಿನಲ್ಲಿ ಮಾರುವ ಸರಕಿಗೂ ಅಗ್ಗದ ಸರಕಿಗೂ ಈ ಬಿಲ್ಲೆಯನ್ನೇ ಹಾಕುತ್ತಿದ್ದವು. ಅಲಗಿನ ಮುದ್ರೆ ಅಳಿದಿರುವ ಈ ಗರಗಸಕ್ಕೆ ನಾವಾಗಿ ಒಂದು ಹೆಸರನ್ನು ಅಂಟಿಸುವುದು ಸತ್ಯಕ್ಕೆ ದ್ರೋಹ. ಆದರೆ ಅರ ಹಾಕಿ ಹಾಕಿ ಇದರ ಅಲಗೇ ಹೆಚ್ಚು ಸವೆದಿದೆ. ಹೆಚ್ಚು ದುಡಿದದ್ದು ಹೆಸರಿಲ್ಲದ ಇದೇ ಇರಬೇಕು.

ಇನ್ನೊಂದು ಗುರುತನ್ನು ಕಂಡಾಗ ನಮ್ಮ ಮನಸ್ಸು ಕ್ಷಣಕಾಲ ಮೌನವಾಯಿತು. ಡಿಸ್ಟನ್ ಗರಗಸದ ಹಿಡಿಯ ಕೆಳಬದಿಯಲ್ಲಿ ಉಳಿಯ ತುದಿಯಿಂದ ಕೊರೆದ ಒಂದು ಚಿಕ್ಕ ಶಿಲುಬೆ, ಅದರ ಪಕ್ಕದಲ್ಲಿ 'ಚ' ಎಂಬ ಒಂದೇ ಅಕ್ಷರ. ಇದು ತಯಾರಿಸಿದವನ ಗುರುತಲ್ಲ, ದುಡಿದವನದು. ಬಳ್ಳಾರಿ ಮಿಷನ್ 1928ರಲ್ಲಿ ಮದ್ರಾಸ್ ಮಹಾಧರ್ಮಕ್ಷೇತ್ರದಿಂದ ಬೇರ್ಪಟ್ಟು, 1949ರಲ್ಲಿ ಧರ್ಮಕ್ಷೇತ್ರವಾದುದನ್ನು ನಾವು ಬಲ್ಲೆವು. ಗುರುಗಳ ಹೆಸರುಗಳೂ ಧರ್ಮಾಧ್ಯಕ್ಷರ ಭೇಟಿಗಳೂ ನಮ್ಮ ದಾಖಲೆಗಳಲ್ಲಿವೆ. ಆದರೆ ಈ ತೊಲೆಗಳನ್ನು ಕೊಯ್ದ ಬಡಗಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಸಾವಿರಾರು ಮೈಲಿ ಆಚೆಯ ತಯಾರಕನ ಜನ್ಮವರ್ಷ ನಮಗೆ ತಿಳಿಯಿತು. ನಮ್ಮವನೇ ಆದ 'ಚ' ಯಾರೆಂಬುದು ತಿಳಿಯದು.

ಸಿರುಗುಪ್ಪ, ಕುರುಗೋಡುಗಳ ಎರೆಭೂಮಿಯಲ್ಲಿ ಬಂಡಿ, ಕೂರಿಗೆ, ಕುಂಟೆಗಳನ್ನು ಮಾಡಿಕೊಟ್ಟ ಬಡಗಿ ಮನೆತನಗಳಿವೆ. ಆ ಕಡೆಯಿಂದ ಬಂದು ಬಳ್ಳಾರಿಯಲ್ಲಿ ನೆಲೆಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರದಲ್ಲಿಯೂ ಇವೆ. ನಿಮ್ಮ ಅಜ್ಜ, ಮುತ್ತಜ್ಜಂದಿರಲ್ಲಿ ಯಾರಾದರೂ ದೇವಾಲಯದ ಮರಗೆಲಸ ಮಾಡಿದ್ದರೆಂಬ ನೆನಪಿದ್ದರೆ, ಮನೆಯ ಹಳೆಯ ಉಳಿಯ ಮೇಲೋ ಸುತ್ತಿಗೆಯ ಕಾವಿನ ಮೇಲೋ ಇಂಥದೇ ಗುರುತಿದ್ದರೆ, ದಯಮಾಡಿ ನಮ್ಮಲ್ಲಿಗೆ ತನ್ನಿರಿ. ಉಜ್ಜಿ ಹೊಳಪು ಮಾಡದೆ ತನ್ನಿರಿ.

ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ, ಅವರು ಮಾಡಿದ ಒಂದು ಮಣೆಯೂ ಉಳಿದಿಲ್ಲ. ಆದರೂ 1955ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಬರುವ ಮೇ 1ರ ಬಲಿಪೂಜೆಯಲ್ಲಿ ಈ ಎರಡೂ ಗರಗಸಗಳನ್ನು ಪೀಠದ ಬಳಿ ಇರಿಸುವೆವು. ಅಷ್ಟರೊಳಗೆ 'ಚ' ಎಂಬವನ ಪೂರ್ಣ ಹೆಸರು ದೊರೆತರೆ ಅದನ್ನು ಉಚ್ಚರಿಸಿ ಪ್ರಾರ್ಥಿಸುವೆವು. ದೊರೆಯದಿದ್ದರೆ ಆ ಒಂದು ಅಕ್ಷರವನ್ನೇ ಉಚ್ಚರಿಸುವೆವು. ಉಳಿದುದನ್ನು ದೇವರು ಬಲ್ಲರು.