ವಿಕಿರಣಶೀಲ ಕ್ಷಯದ ಗಣಕ ಅನುಕರಣೆ

ಅಸ್ಥಿರ ಪರಮಾಣುಗಳ ಬೀಜಕೇಂದ್ರಗಳು ತಾವಾಗಿಯೇ ರೂಪಾಂತರ ಹೊಂದುವ ಕ್ರಿಯೆಯನ್ನು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಗಣಕಯಂತ್ರದಲ್ಲಿ ಪುನರ್ರೂಪಿಸುವ ವಿಧಾನವೇ ವಿಕಿರಣಶೀಲ ಕ್ಷಯದ ಗಣಕ ಅನುಕರಣೆ. ಇದು ಮಾಂಟೆ ಕಾರ್ಲೊ ವಿಧಾನದ ಸರಳ ಉದಾಹರಣೆಗಳಲ್ಲೊಂದು. ಯಾವ ಪರಮಾಣು ಯಾವಾಗ ಕ್ಷಯಿಸುವುದೆಂದು ಯಾರೂ ಹೇಳಲಾರರು. ಆದರೂ ಅದೇ ಕ್ಷಯದಿಂದ ರಾಮನಗರದ ಬಂಡೆಗಳ ವಯಸ್ಸನ್ನು ನಿರ್ಣಯಿಸಲಾಗಿದೆ. ಈ ವಿರೋಧಾಭಾಸವನ್ನು ಅನುಕರಣೆಯು ಬಿಡಿಸಿ ತೋರಿಸುತ್ತದೆ.

ಹಿನ್ನೆಲೆ

ವಿಕಿರಣಪಟುತ್ವವನ್ನು 1896ರಲ್ಲಿ ಹೆನ್ರಿ ಬೆಕೆರೆಲ್ ಕಂಡುಹಿಡಿದನು. ಕ್ಷಯದ ನಿಯಮವನ್ನು ರುದರ್‌ಫರ್ಡ್ ಮತ್ತು ಸಾಡಿ 1902ರ ಸುಮಾರಿಗೆ ನಿರೂಪಿಸಿದರು. ಪರಮಾಣುವಿಗೆ ಮುಪ್ಪೆಂಬುದಿಲ್ಲ: ಕೋಟ್ಯಂತರ ವರ್ಷ ಉಳಿದು ಬಂದ ಯುರೇನಿಯಂ ಪರಮಾಣು ಮುಂದಿನ ಕ್ಷಣದಲ್ಲಿ ಕ್ಷಯಿಸುವ ಸಂಭವನೀಯತೆ ಮೊದಲಿನಷ್ಟೇ ಇರುತ್ತದೆ. ಅರ್ಧಾಯುಷ್ಯ ಎಂಬ ಪದವು ಈ ವಿಷಯದಲ್ಲಿ ಓದುಗರನ್ನು ದಾರಿ ತಪ್ಪಿಸುವುದುಂಟು. ಅದು ಒಂದು ಪರಮಾಣುವಿನ ಆಯುಸ್ಸಲ್ಲ, ಸಮೂಹದ ಅರ್ಧಭಾಗ ಕ್ಷಯಿಸಲು ತಗಲುವ ಕಾಲ.

ಕ್ಲೋಸ್‌ಪೇಟೆ ಗ್ರಾನೈಟ್

ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಈ ಹೆಸರು ಊರಿನಿಂದ ಮರೆಯಾದರೂ ಭೂವಿಜ್ಞಾನದಲ್ಲಿ ಉಳಿದಿದೆ. ರಾಮದೇವರಬೆಟ್ಟ ಹಾಗೂ ಮಾಗಡಿ ಸಮೀಪದ ಸಾವನದುರ್ಗ ಸೇರಿದ, ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಹಬ್ಬಿರುವ ಶಿಲಾಸಮೂಹವೇ ಕ್ಲೋಸ್‌ಪೇಟೆ ಗ್ರಾನೈಟ್. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಶಿಲೆಯಲ್ಲಿರುವ ಜಿರ್ಕಾನ್ ಹರಳುಗಳು ರೂಪುಗೊಳ್ಳುವಾಗ ಯುರೇನಿಯಂ ಅನ್ನು ಒಳಗೊಳ್ಳುತ್ತವೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತವೆ. ಆದ್ದರಿಂದ ಅವುಗಳಲ್ಲಿ ಈಗ ಕಾಣುವ ಸೀಸವು ಬಹುತೇಕ ಯುರೇನಿಯಂ ಕ್ಷಯದ ಫಲ. ಎರಡರ ಪ್ರಮಾಣದಿಂದ ವಯಸ್ಸು ತಿಳಿಯುತ್ತದೆ.

ಅನುಕರಣೆಯ ಕ್ರಮ

ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. 10 ಕೋಟಿ ವರ್ಷವನ್ನು ಒಂದು ಹೆಜ್ಜೆಯೆಂದು ಇಟ್ಟುಕೊಂಡರೆ, ಒಂದು ಹೆಜ್ಜೆಯಲ್ಲಿ ಒಂದು ಪರಮಾಣು ಕ್ಷಯಿಸುವ ಸಂಭವನೀಯತೆ ಸುಮಾರು 0.0154. ಗಣಕವು ಉಳಿದಿರುವ ಪ್ರತಿಯೊಂದು ಪರಮಾಣುವಿಗೂ 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ತೆಗೆಯುತ್ತದೆ, ಅದು 0.0154ಕ್ಕಿಂತ ಕಡಿಮೆಯಾದರೆ ಆ ಪರಮಾಣು ಕ್ಷಯಿಸಿತೆಂದು ಎಣಿಸುತ್ತದೆ. ಹೀಗೆ 25 ಹೆಜ್ಜೆ ನಡೆದರೆ ಗ್ರಾನೈಟಿನ ವಯಸ್ಸು ತಲುಪಿದಂತಾಗುತ್ತದೆ.

ಆಗ ಸರಾಸರಿ ಶೇ. 68ರಷ್ಟು ಯುರೇನಿಯಂ ಉಳಿಯಬೇಕು. ನೂರೇ ಪರಮಾಣುಗಳಿಂದ ಆರಂಭಿಸಿದರೆ ಒಂದು ಸಲ 63, ಇನ್ನೊಂದು ಸಲ 72 ಉಳಿಯುವುದು ಸಹಜ. ಅಷ್ಟನ್ನೇ ನಂಬಿ ವಯಸ್ಸನ್ನು ಲೆಕ್ಕ ಹಾಕಿದರೆ ಒಂದೇ ಬಂಡೆಗೆ ಸುಮಾರು 298 ಕೋಟಿ, 212 ಕೋಟಿ ವರ್ಷಗಳೆಂಬ ಎರಡು ಉತ್ತರಗಳು ಬರುತ್ತವೆ. ಹತ್ತು ಲಕ್ಷ ಪರಮಾಣುಗಳಿದ್ದರೆ ಏರಿಳಿತವು ಸುಮಾರು 470ಕ್ಕೆ, ಅಂದರೆ ಶೇ. 0.05ಕ್ಕಿಂತ ಕಡಿಮೆಗೆ ಇಳಿಯುತ್ತದೆ. ನಿಜವಾದ ಹರಳಿನಲ್ಲಿ ಪರಮಾಣುಗಳ ಸಂಖ್ಯೆ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ವಯೋನಿರ್ಣಯದಲ್ಲಿ ಉಳಿಯುವ ಅನಿಶ್ಚಿತತೆಗೆ ಅಳತೆಯ ದೋಷ ಮತ್ತು ಹರಳಿನಿಂದ ಸೀಸ ಸೋರಿಹೋಗುವುದು ಮುಖ್ಯ ಕಾರಣಗಳು.

ಮಿತಿ

ಗಣಕದ ಸಂಖ್ಯೆಗಳು ಸೂತ್ರವೊಂದರಿಂದ ಹುಟ್ಟುವ ಮಿಥ್ಯಾ-ಯಾದೃಚ್ಛಿಕ ಸಂಖ್ಯೆಗಳು. ಆರಂಭದ ಬೀಜಸಂಖ್ಯೆಯನ್ನು ಬದಲಿಸದಿದ್ದರೆ ಅದೇ ಪರಮಾಣುಗಳು ಅದೇ ಕ್ರಮದಲ್ಲಿ ಮತ್ತೆ ಕ್ಷಯಿಸುತ್ತವೆ. ನಿಸರ್ಗದಲ್ಲಿ ಹಾಗಾಗುವುದಿಲ್ಲ. ಗಣಕವಿಲ್ಲದ ಶಾಲೆಯಲ್ಲಿ ನೂರು ದಾಳಗಳನ್ನು ಎಸೆದು, ಆರು ಬಿದ್ದವುಗಳನ್ನು ಪ್ರತಿಸಲ ತೆಗೆದಿಟ್ಟು ಇದೇ ಪ್ರಯೋಗವನ್ನು ಮಾಡಬಹುದು; ಅಲ್ಲಿ ಅರ್ಧಾಯುಷ್ಯ ಸುಮಾರು 3.8 ಎಸೆತ.